ಐವತ್ತರಿಂದ ಅರವತ್ತರವರೆಗೆ: ಪಿಂಚಣಿ ಇಲ್ಲದ ನಿವೃತ್ತಿಯ ಲೆಕ್ಕ

ಕರ್ನಾಟಕದಲ್ಲಿ ಇಂದು ಐವತ್ತರ ಆಸುಪಾಸಿನಲ್ಲಿರುವ ಸಂಬಳದಾರರಲ್ಲಿ ಅನೇಕರು ನಿವೃತ್ತಿಯ ಬದುಕು ಹೇಗಿರುತ್ತದೆಂಬುದನ್ನು ತಮ್ಮ ಮನೆಯ ಹಿರಿಯರನ್ನು ನೋಡಿ ತಿಳಿದವರು. ಆ ಹಿರಿಯರು ಶಾಲಾ ಶಿಕ್ಷಕರೋ ಕಂದಾಯ ಇಲಾಖೆಯ ಗುಮಾಸ್ತರೋ ವಿದ್ಯುತ್ ಮಂಡಳಿಯ ನೌಕರರೋ ಆಗಿದ್ದು, ಪೂರ್ಣಾವಧಿ ಸೇವೆ ಮುಗಿಸಿದ ಮೇಲೆ ಕೊನೆಯ ಮೂಲವೇತನದ ಅರ್ಧದಷ್ಟನ್ನು ಪಿಂಚಣಿಯಾಗಿ ಪಡೆಯುತ್ತಿದ್ದರು. ಬೆಲೆ ಏರಿದಂತೆ ತುಟ್ಟಿಭತ್ಯೆ ಅದಕ್ಕೆ ಸೇರುತ್ತಿತ್ತು, ವೇತನ ಪರಿಷ್ಕರಣೆಯಾದಾಗ ಪಿಂಚಣಿಯೂ ಪರಿಷ್ಕರಣೆಗೊಳ್ಳುತ್ತಿತ್ತು, ಪಿಂಚಣಿದಾರರು ತೀರಿಕೊಂಡರೆ ಪತ್ನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಇದರ ಜೊತೆಗೆ ಉಪದಾನ, ಅಂದರೆ ಗ್ರಾಚ್ಯುಟಿ, ಗಳಿಕೆ ರಜೆಯ ನಗದೀಕರಣ, ಪಿಂಚಣಿಯ ಮೂರನೆಯ ಒಂದು ಭಾಗದವರೆಗೆ ಮುಂಗಡವಾಗಿ ಪಡೆಯಬಹುದಾದ ಕಮ್ಯುಟೇಷನ್ ಇವೆಲ್ಲ ಸೇರಿ ಒಂದು ಇಡುಗಂಟು ಕೈಗೆ ಬರುತ್ತಿದ್ದುದರಿಂದ, ಅದರಲ್ಲಿ ಮಗಳ ಮದುವೆ ಮಾಡುವುದಾಗಲಿ, ಅರ್ಧಕ್ಕೆ ನಿಂತ ಮನೆಯನ್ನು ಪೂರ್ಣಗೊಳಿಸುವುದಾಗಲಿ, ಮಗನ ಅಂಗಡಿಗೆ ಬಂಡವಾಳ ಹಾಕುವುದಾಗಲಿ ಅವಿವೇಕವಾಗಿರಲಿಲ್ಲ. ಇಡುಗಂಟು ಪೂರ್ತಿ ಕರಗಿದರೂ ಪಿಂಚಣಿ ತಪ್ಪುತ್ತಿರಲಿಲ್ಲ.

ಈ ಏರ್ಪಾಡು ಮುಂದಿನ ತಲೆಮಾರಿನ ಬಹಳಷ್ಟು ಜನರಿಗೆ ಉಳಿದಿಲ್ಲ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ, ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇರಿದ ನೌಕರರನ್ನು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಡಿಸಿದವು. ಖಾಸಗಿ ವಲಯದವರಿಗಂತೂ ಹಳೆಯ ಮಾದರಿಯ ಪಿಂಚಣಿ ಎಂದೂ ಇರಲಿಲ್ಲ. ವ್ಯವಸ್ಥೆ ಬದಲಾದರೂ ಇಡುಗಂಟನ್ನು ಖರ್ಚು ಮಾಡುವ ರೂಢಿ ಮಾತ್ರ ಬದಲಾಗದೆ ಉಳಿದಿರುವುದೇ ಇಂದಿನ ನಿವೃತ್ತಿ ಸಿದ್ಧತೆಯ ಮೂಲ ತೊಡಕು. ಹಿಂದಿನವರಿಗೆ ಇಡುಗಂಟು ಪಿಂಚಣಿಯ ಮೇಲೆ ಸಿಕ್ಕ ಹೆಚ್ಚುವರಿ ಹಣವಾಗಿತ್ತು. ಇಂದಿನವರಿಗೆ ಇಡುಗಂಟೇ ಪಿಂಚಣಿ. ಕೊನೆಯ ಹತ್ತು ವರ್ಷಗಳ ಪ್ರತಿಯೊಂದು ಹಣಕಾಸು ತೀರ್ಮಾನವನ್ನೂ ಈ ಒಂದು ವ್ಯತ್ಯಾಸದ ಬೆಳಕಿನಲ್ಲಿ ನೋಡಬೇಕಾಗುತ್ತದೆ.

ಖಾಸಗಿ ನೌಕರರು ತಮಗೂ ಪಿಂಚಣಿ ಇದೆಯೆಂದು ನಂಬಿರುವುದು ನೌಕರರ ಪಿಂಚಣಿ ಯೋಜನೆಯ, ಅಂದರೆ ಇಪಿಎಸ್‌ನ ಆಧಾರದ ಮೇಲೆ. 1995ರ ನವೆಂಬರ್ 16ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ಉದ್ಯೋಗದಾತರು ಭವಿಷ್ಯ ನಿಧಿಗೆ ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಆದರೆ ಈ ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ನಿಂದ ವೇತನದ ಮಿತಿ 15,000 ರೂಪಾಯಿ ಆಗಿರುವುದರಿಂದ, ಸಂಬಳ ಎಷ್ಟೇ ಇದ್ದರೂ ಸಾಮಾನ್ಯವಾಗಿ ತಿಂಗಳಿಗೆ 1,250 ರೂಪಾಯಿಗಿಂತ ಹೆಚ್ಚು ಪಿಂಚಣಿ ನಿಧಿಗೆ ಸೇರುವುದಿಲ್ಲ. ಪಿಂಚಣಿಯ ಸೂತ್ರ ಸರಳವಾಗಿದೆ: ಕೊನೆಯ 60 ತಿಂಗಳ ಸರಾಸರಿ ಪಿಂಚಣಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು, ಇಪ್ಪತ್ತು ವರ್ಷ ಪೂರೈಸಿದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರಿಸಬೇಕು. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಸರಾಸರಿ 12,000 ರೂಪಾಯಿ ಪಿಂಚಣಿ ವೇತನವಿರುವ ಮಹಿಳೆಗೆ ಈ ಸೂತ್ರದಂತೆ 58ನೇ ವಯಸ್ಸಿನಿಂದ ದೊರೆಯುವುದು ತಿಂಗಳಿಗೆ ಸುಮಾರು 3,771 ರೂಪಾಯಿ. ಮಿತಿಯ ವೇತನದ ಮೇಲೆ 35 ವರ್ಷದ ಸೇವೆ ಲೆಕ್ಕಕ್ಕೆ ಬಂದವರಿಗೂ 7,500 ರೂಪಾಯಿ. ಈ ಮೊತ್ತಕ್ಕೆ ತುಟ್ಟಿಭತ್ಯೆ ಇಲ್ಲ, ಸದಸ್ಯರ ಮರಣಾನಂತರ ಸಂಗಾತಿಗೆ ಸಿಗುವುದು ಇದರ ಅರ್ಧ. ಹತ್ತು ವರ್ಷ ಸೇವೆ ಪೂರ್ಣವಾಗದಿದ್ದರೆ ಮಾಸಿಕ ಪಿಂಚಣಿಯ ಹಕ್ಕೇ ಹುಟ್ಟುವುದಿಲ್ಲವಾದ್ದರಿಂದ, ಕಾರ್ಖಾನೆ ಬದಲಿಸಿದಾಗಲೆಲ್ಲ ಹಳೆಯ ಖಾತೆಯ ಹಣ ತೆಗೆದು ಹೊಸ ಖಾತೆ ತೆರೆದವರು ತಮ್ಮ ಸೇವಾವಧಿಯನ್ನು ತಾವೇ ತುಂಡರಿಸಿಕೊಂಡಂತಾಗುತ್ತದೆ. ಐವತ್ತು ದಾಟಿದವರು ಬೇಕಿದ್ದರೆ 58ಕ್ಕೆ ಮೊದಲೇ ಈ ಪಿಂಚಣಿ ಪಡೆಯಬಹುದು. ಆದರೆ ಹಿಂದಕ್ಕೆಳೆದ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ, ಕಡಿತ ಕೊನೆಯವರೆಗೂ ಉಳಿಯುತ್ತದೆ.

ಎನ್‌ಪಿಎಸ್‌ನ ಕಥೆ ಬೇರೆ. ಇಲ್ಲಿ ನೌಕರರ ಮತ್ತು ಉದ್ಯೋಗದಾತರ ವಂತಿಗೆ ಮಾರುಕಟ್ಟೆಯಲ್ಲಿ ಹೂಡಿಕೆಯಾಗಿ ಬೆಳೆಯುತ್ತದೆ. ಅರವತ್ತರಲ್ಲಿ ನಿವೃತ್ತರಾಗುವ ಸರ್ಕಾರಿ ನೌಕರರು ಶೇ 60ರವರೆಗೆ ತೆರಿಗೆಯಿಲ್ಲದೆ ಕೈಗೆ ಪಡೆದು, ಕನಿಷ್ಠ ಶೇ 40ರಲ್ಲಿ ವರ್ಷಾಶನ ಕೊಳ್ಳಬೇಕು. ವರ್ಷಾಶನವೆಂದರೆ ವಿಮಾ ಕಂಪನಿಗೆ ಒಮ್ಮೆ ದೊಡ್ಡ ಮೊತ್ತ ಒಪ್ಪಿಸಿ ಜೀವನಪರ್ಯಂತ ಅದರಿಂದ ನಿಗದಿತ ಹಣ ಪಡೆಯುವ ಒಪ್ಪಂದ. ಅಸಲು ವಾರಸುದಾರರಿಗೆ ಮರಳುವ ಬಗೆಯನ್ನು ಆಯ್ದರೆ ತಿಂಗಳ ಹಣ ಕಡಿಮೆ, ಅಸಲು ಬಿಟ್ಟುಕೊಡುವ ಬಗೆಯನ್ನು ಆಯ್ದರೆ ಹೆಚ್ಚು. ಸಂಗಾತಿಯ ಜೀವಿತಾವಧಿಯನ್ನೂ ಸೇರಿಸಿಕೊಂಡರೆ ಮತ್ತೊಂದು ದರ. ಈ ಆಯ್ಕೆಯನ್ನು ಒಮ್ಮೆ ಮಾಡಿದ ಮೇಲೆ ಸಾಮಾನ್ಯವಾಗಿ ತಿದ್ದಲಾಗದು ಎಂಬುದನ್ನೂ, ಸಾಧಾರಣ ವರ್ಷಾಶನ ಬೆಲೆಯೇರಿಕೆಯೊಂದಿಗೆ ಏರುವುದಿಲ್ಲ ಎಂಬುದನ್ನೂ ನಿವೃತ್ತಿಯ ವಾರದಲ್ಲಲ್ಲ, ಅದಕ್ಕೆ ಎಷ್ಟೋ ಮೊದಲೇ ತಿಳಿದಿರಬೇಕು. ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ದೊರೆತು, 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿಯಾಗಿರುವುದು ನಿಜ. ಖಾಸಗಿ ನೌಕರರಿಗೆ ಅಂಥ ಖಾತರಿ ಇಲ್ಲ.

ಬೆಲೆಯೇರಿಕೆಯನ್ನು ಎಲ್ಲರೂ ಮಾತಿನಲ್ಲಿ ಒಪ್ಪುತ್ತಾರೆ, ಲೆಕ್ಕದಲ್ಲಿ ಮರೆಯುತ್ತಾರೆ. ಐವತ್ತರ ದಂಪತಿಯ ಮನೆಖರ್ಚು ಇಂದು ತಿಂಗಳಿಗೆ 50,000 ರೂಪಾಯಿ ಎಂದಿಟ್ಟುಕೊಂಡು ವರ್ಷಕ್ಕೆ ಶೇ 5ರ ಏರಿಕೆ ಹಿಡಿದರೆ, ಅದೇ ಊಟ, ಅದೇ ಕರೆಂಟ್ ಬಿಲ್, ಅದೇ ಬಸ್ ಪ್ರಯಾಣಕ್ಕೆ ಅರವತ್ತನೇ ವಯಸ್ಸಿನಲ್ಲಿ ಸುಮಾರು 81,000 ರೂಪಾಯಿ ಬೇಕು, ಎಪ್ಪತ್ತೈದರಲ್ಲಿ 1.69 ಲಕ್ಷ. ನಿವೃತ್ತಿಗೆ ಒಂದು ಕೋಟಿ ಸಾಕೇ, ಎರಡು ಕೋಟಿ ಬೇಕೇ ಎಂಬ ಚರ್ಚೆಗಿಂತ, ಒಂದು ವರ್ಷದ ಮನೆಖರ್ಚನ್ನು ನೋಟ್‌ಬುಕ್ಕಿನಲ್ಲಿ ನಿಜವಾಗಿ ಬರೆದು ನೋಡುವುದು ಹೆಚ್ಚು ಉಪಯುಕ್ತ. ಮಕ್ಕಳ ಶುಲ್ಕ, ಕಚೇರಿಗೆ ಓಡಾಡುವ ಪೆಟ್ರೋಲು ಅದರಿಂದ ಕಳೆಯುತ್ತವೆ. ಔಷಧ, ಮನೆಗೆಲಸದವರ ಸಂಬಳ, ಆಟೋ ಬಾಡಿಗೆ ಸೇರುತ್ತವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡೂ ಪರೀಕ್ಷೆಗಳು ಇಂದಿನ ಮಧ್ಯಮ ವರ್ಗಕ್ಕೆ ಒಂದೇ ದಶಕದಲ್ಲಿ, ಅಂದರೆ ಈ ಐವತ್ತು–ಅರವತ್ತರ ನಡುವೆಯೇ ಬರುತ್ತಿವೆ. ಮದುವೆಗಳು ತಡವಾಗಿ, ಮಕ್ಕಳು ತಡವಾಗಿ ಹುಟ್ಟಿದ ಕುಟುಂಬಗಳಲ್ಲಿ ತಂದೆಗೆ 55 ಆದಾಗ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುತ್ತಾನೆ, ಗೃಹಸಾಲ ಇನ್ನೂ ಏಳೆಂಟು ವರ್ಷ ಬಾಕಿ ಇರುತ್ತದೆ. ಈ ಒತ್ತಡದಲ್ಲಿ ಮೊದಲು ಕೈಹಾಕುವುದು ಭವಿಷ್ಯ ನಿಧಿಗೆ. ಐವತ್ತನೇ ವಯಸ್ಸಿನಲ್ಲಿ ತೆಗೆದ 5 ಲಕ್ಷ ರೂಪಾಯಿ, 2024–25ನೇ ಸಾಲಿಗೆ ಘೋಷಿತವಾದ ಶೇ 8.25ರ ದರವೇ ಮುಂದುವರಿದಿದ್ದರೆ, ಅರವತ್ತರಲ್ಲಿ 11 ಲಕ್ಷವಾಗಿರುತ್ತಿತ್ತು. ವಿದ್ಯೆಗೆ ಸಾಲ ಸಿಗುತ್ತದೆ, ಮನೆಗೆ ಸಾಲ ಸಿಗುತ್ತದೆ. ವೃದ್ಧಾಪ್ಯಕ್ಕೆ ಸಾಲ ಕೊಡುವ ಬ್ಯಾಂಕ್ ಇಲ್ಲ. ಮನೆಯನ್ನು ಅಡವಿಟ್ಟು ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಎಂಬ ಪದ್ಧತಿ ಭಾರತಕ್ಕೆ ಬಂದು ಬಹಳ ವರ್ಷಗಳಾದರೂ ಅದು ಜನರ ನಡುವೆ ಬೇರೂರಿಲ್ಲ. ಆದ್ದರಿಂದ ಮಗನ ಓದಿಗೆ ಅವನ ಹೆಸರಿನಲ್ಲೇ ಶಿಕ್ಷಣ ಸಾಲ ಮಾಡಿಸಿ ಭವಿಷ್ಯ ನಿಧಿಯನ್ನು ಮುಟ್ಟದಿರುವುದು, ಕೇಳಲು ಕಠಿಣವೆನಿಸಿದರೂ, ಮುಂದೆ ಅದೇ ಮಗನ ಮೇಲೆ ಭಾರವಾಗದಿರುವ ದಾರಿ.

ಗೃಹಸಾಲದ ವಿಷಯದಲ್ಲಿ ಒಂದು ಅನುಕೂಲವಿದೆ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ. ಬೋನಸ್ಸೋ ವೇತನ ಬಾಕಿಯೋ ಬಂದಾಗಲೆಲ್ಲ ಅಸಲಿಗೆ ಕಟ್ಟುತ್ತ ಹೋಗಿ, ಕಂತನ್ನು ಕಡಿಮೆ ಮಾಡಿಸಿಕೊಳ್ಳುವ ಬದಲು ಅವಧಿಯನ್ನು ಕಡಿಮೆ ಮಾಡಿಸಿಕೊಂಡರೆ, ಅರವತ್ತಕ್ಕೆ ಮೂರು ವರ್ಷ ಮೊದಲೇ ಸಾಲ ಮುಗಿಸುವುದು ಅಸಾಧ್ಯವಲ್ಲ. ಹಾಗೆ ಉಳಿದ ಮೂರು ವರ್ಷದ ಕಂತಿನ ಹಣವನ್ನು ಭವಿಷ್ಯ ನಿಧಿಯ ಐಚ್ಛಿಕ ವಂತಿಗೆಗೆ ತಿರುಗಿಸಬಹುದು. ನೌಕರರ ಒಟ್ಟು ವಂತಿಗೆ ವರ್ಷಕ್ಕೆ 2.5 ಲಕ್ಷ ಮೀರಿದರೆ, ಮೀರಿದ ಭಾಗದ ಬಡ್ಡಿಗೆ ತೆರಿಗೆ ಇದೆ ಎಂಬುದಷ್ಟೇ ಗಮನದಲ್ಲಿರಬೇಕು.

ಷೇರು ಮಾರುಕಟ್ಟೆಯಲ್ಲಿ ಮ್ಯೂಚುವಲ್ ಫಂಡ್ ಮೂಲಕ ಹಣ ಬೆಳೆಸಿಕೊಂಡವರಿಗೆ ಈ ದಶಕದ ಅಪಾಯ ಇನ್ನೊಂದು ಬಗೆಯದು. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000ದ ಹತ್ತಿರವಿದ್ದದ್ದು ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು. 2020ರ ಜನವರಿಯಲ್ಲಿ 42,000 ಮುಟ್ಟಿದ್ದು ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಮುಕ್ತಾಯವಾಯಿತು. ಎರಡೂ ಸಲ ಮಾರುಕಟ್ಟೆ ಚೇತರಿಸಿಕೊಂಡಿತು. ಮೂವತ್ತೈದರ ಹೂಡಿಕೆದಾರರಿಗೆ ಅದು ಕಾಯುವ ಪ್ರಶ್ನೆ ಮಾತ್ರ. ಅದೇ ತಿಂಗಳು ನಿವೃತ್ತರಾಗಿ ಮನೆಖರ್ಚಿಗೆಂದು ಕುಸಿದ ಬೆಲೆಗೆ ಯೂನಿಟ್‌ಗಳನ್ನು ಮಾರಬೇಕಾದವರಿಗೆ ಮಾರಿದ ಭಾಗದ ಚೇತರಿಕೆ ಎಂದೂ ಬರುವುದಿಲ್ಲ. ನಿವೃತ್ತಿಗೆ ಐದು ವರ್ಷ ಇರುವಾಗಿನಿಂದ ಸ್ವಲ್ಪಸ್ವಲ್ಪವಾಗಿ ಹಣವನ್ನು ಠೇವಣಿ, ಸಣ್ಣ ಉಳಿತಾಯಗಳ ಕಡೆಗೆ ಸರಿಸಿ, ಮೊದಲ ನಾಲ್ಕೈದು ವರ್ಷದ ಖರ್ಚಿಗೆ ಬೇಕಾದದ್ದನ್ನು ಮಾರುಕಟ್ಟೆಯ ಏರಿಳಿತದಿಂದ ಹೊರಗಿಡುವುದು ಇದಕ್ಕೆ ಪರಿಹಾರ. ಪೂರ್ತಿ ಹೊರಬರುವುದೂ ತಪ್ಪೇ, ಏಕೆಂದರೆ ಮುಂದಿನ ಇಪ್ಪತ್ತೈದು ವರ್ಷದ ಬೆಲೆಯೇರಿಕೆಯನ್ನು ಠೇವಣಿಯ ಬಡ್ಡಿಯೊಂದೇ ಹೊರಲಾರದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಮಧ್ಯಮ ವರ್ಗ ತಾನೇ ಕಂಡುಕೊಂಡ ಪಿಂಚಣಿಯೆಂದರೆ ಮೇಲಂತಸ್ತಿನ ಬಾಡಿಗೆ. ಮೂವತ್ತು–ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೊಂದು, ಅದರ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡುವ ಈ ಕ್ರಮವನ್ನು ಹಣಕಾಸು ಸಲಹೆಗಾರರು ಸಾಮಾನ್ಯವಾಗಿ ಮೆಚ್ಚುವುದಿಲ್ಲ. ಒಂದು ಕೋಟಿ ಬೆಲೆಯ ಫ್ಲ್ಯಾಟನ್ನು ಕೊಂಡು 25,000ಕ್ಕೆ ಬಾಡಿಗೆ ಕೊಟ್ಟರೆ ಸಿಗುವುದು ವರ್ಷಕ್ಕೆ ಶೇ 3 ಮಾತ್ರ ಎಂಬ ಅವರ ಲೆಕ್ಕ ಸರಿಯಾದದ್ದೇ. ಆದರೆ ಜಾಗ ಆಗಲೇ ತಮ್ಮದಾಗಿದ್ದು, ಸಾಲವಿಲ್ಲದೆ 40 ಲಕ್ಷದಲ್ಲಿ ಕಟ್ಟಿದ ಮೇಲಂತಸ್ತು ತಿಂಗಳಿಗೆ 20,000 ತಂದರೆ ಅದು ಶೇ 6. ಜೊತೆಗೆ ಹನ್ನೊಂದು ತಿಂಗಳ ಕರಾರು ಹೊಸದಾಗಿಸುವಾಗ ಬಾಡಿಗೆ ಏರಿಸುವ ವಾಡಿಕೆ ಇರುವುದರಿಂದ, ಬೆಲೆಯೇರಿಕೆಯ ಜೊತೆ ತಾನೂ ಏರುವ ಕೆಲವೇ ಆದಾಯಗಳಲ್ಲಿ ಇದೂ ಒಂದು. ಆಸ್ತಿ ತೆರಿಗೆ, ಸುಣ್ಣಬಣ್ಣ, ಕೊಳವೆಬಾವಿಯ ಮೋಟರು, ಮನೆ ಖಾಲಿ ಇರುವ ತಿಂಗಳುಗಳು ಇವನ್ನು ಕಳೆದೇ ಲೆಕ್ಕ ಹಾಕಬೇಕು; ಎಪ್ಪತ್ತೆಂಟರ ವಯಸ್ಸಿನಲ್ಲಿ ಬಾಡಿಗೆದಾರರೊಂದಿಗೆ ನೀರಿನ ಜಗಳ ಆಡುವ ಶಕ್ತಿ ಯಾರಿಗಿರುತ್ತದೆ ಎಂಬುದನ್ನೂ ಯೋಚಿಸಬೇಕು.

ಇದೇ ಮೇಲಂತಸ್ತನ್ನು ಭೋಗ್ಯಕ್ಕೆ ಕೊಡುವುದು ಬೇರೆಯೇ ವ್ಯವಹಾರ. ಭೋಗ್ಯದಲ್ಲಿ ತಿಂಗಳ ಬಾಡಿಗೆ ಇರುವುದಿಲ್ಲ. ವಾಸಕ್ಕೆ ಬರುವವರು ಎರಡು ಮೂರು ವರ್ಷಕ್ಕೆಂದು ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುತ್ತಾರೆ. ಮಾಲೀಕರ ದೃಷ್ಟಿಯಲ್ಲಿ ಇದು ಆದಾಯದ ವೇಷದಲ್ಲಿ ಬಂದ ಸಾಲ. ಭೋಗ್ಯದ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನುವ ಶಿಸ್ತು ಇರುವವರು ವಿರಳ. ಅದು ಮದುವೆಗೋ ಕಾರಿಗೋ ಹೋಗಿ, ಹಳಬರಿಗೆ ಹಣ ಮರಳಿಸಲು ಹೊಸ ಭೋಗ್ಯದಾರರನ್ನು ಹುಡುಕುವ ಸರಪಳಿ ಶುರುವಾಗುತ್ತದೆ. ನಿವೃತ್ತಿಗೆ ಮುಂಚೆ ಈ ಸರಪಳಿಯನ್ನು ಕಡಿದು ಭೋಗ್ಯವನ್ನು ಬಾಡಿಗೆಗೆ ತಿರುಗಿಸಿಕೊಳ್ಳುವುದು ಗೃಹಸಾಲ ತೀರಿಸಿದಷ್ಟೇ ಮುಖ್ಯ. ಖಾಲಿ ಸೈಟುಗಳ ಮಾತು ಇನ್ನೂ ಚಿಕ್ಕದು: ಆಸ್ಪತ್ರೆಗೆ ಮೂರು ಲಕ್ಷ ಬೇಕಾದಾಗ ಸೈಟಿನ ಒಂದು ಮೂಲೆಯನ್ನು ಮಾರಲು ಬರುವುದಿಲ್ಲ.

ನಿವೃತ್ತರ ಇಡುಗಂಟಿಗೆ ಈ ರಾಜ್ಯದಲ್ಲಿ ದೊಡ್ಡ ಆಕರ್ಷಣೆಯಾಗಿರುವುದು ಸಹಕಾರಿ ಸಂಸ್ಥೆಗಳ ಹೆಚ್ಚಿನ ಬಡ್ಡಿ. ಪರಿಚಿತರೇ ನಿರ್ದೇಶಕರು, ಬಡಾವಣೆಯಲ್ಲೇ ಕಚೇರಿ, ಕನ್ನಡದಲ್ಲಿ ಮಾತು, ಶೇ 1ರಿಂದ 2 ಹೆಚ್ಚು ಬಡ್ಡಿ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, ಪ್ರತಿ ಠೇವಣಿದಾರರು ತೆಗೆಯಬಹುದಾದ ಮೊತ್ತವನ್ನು 35,000 ರೂಪಾಯಿಗೆ ಮಿತಿಗೊಳಿಸಿದಾಗ ಸಂಕಟಕ್ಕೆ ಸಿಕ್ಕವರಲ್ಲಿ ಜೀವಮಾನದ ಉಳಿತಾಯವನ್ನು ಅಲ್ಲಿಟ್ಟ ಹಿರಿಯ ನಾಗರಿಕರು ಬಹಳಷ್ಟಿದ್ದರು. ಅದೇ ವರ್ಷದ ಫೆಬ್ರುವರಿ 4ರಿಂದ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಆದರೆ ಈ ವಿಮೆ ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷಕ್ಕೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ: ಸಹಕಾರಿ ಬ್ಯಾಂಕ್ ಎಂಬುದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಂಸ್ಥೆ, ಪತ್ತಿನ ಸಹಕಾರ ಸಂಘವಾಗಲಿ, 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಾಯಿತವಾದ ಪತ್ತಿನ ಸಹಕಾರಿಯಾಗಲಿ ಬ್ಯಾಂಕ್ ಅಲ್ಲ, ಅವುಗಳ ಠೇವಣಿಗೆ ಈ ವಿಮೆ ಇಲ್ಲ. ಫಲಕದ ಮೇಲಿನ ಹೆಸರು ಓದಿದಾಗ ಎರಡೂ ಒಂದೇ ತರಹ ಕಾಣುತ್ತವೆ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ನೂರಾರು ಇರಬಹುದು. ಮನೆ ನಡೆಸುವ ಇಡೀ ಬಂಡವಾಳವನ್ನು ಆ ನಂಬಿಕೆಯೊಂದರ ಮೇಲೆ ನಿಲ್ಲಿಸುವಂತಿಲ್ಲ.

ಭದ್ರತೆಯೇ ಮುಖ್ಯವಾದ ಭಾಗಕ್ಕೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ದೊರೆಯುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಅರವತ್ತು ತುಂಬಿದವರು ಇದರಲ್ಲಿ ಸೇರಬಹುದು. 55 ದಾಟಿ ನಿವೃತ್ತರಾದವರೂ ನಿವೃತ್ತಿಯ ಹಣ ಕೈಸೇರಿದ ನಿಗದಿತ ಅವಧಿಯೊಳಗೆ ಖಾತೆ ತೆರೆಯಬಹುದು. 2023ರ ಏಪ್ರಿಲ್‌ನಿಂದ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿದ್ದು, ಆಗ ನಿಗದಿಯಾದ ಶೇ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಖಾತೆಗೆ ಬರುತ್ತದೆ. ಪತಿ, ಪತ್ನಿ ಇಬ್ಬರೂ ಅರ್ಹರಾಗಿದ್ದರೆ ಪ್ರತ್ಯೇಕ ಖಾತೆಗಳಿಗೆ ಅವಕಾಶವಿದೆ. ಬಡ್ಡಿಗೆ ಆದಾಯ ತೆರಿಗೆ ಅನ್ವಯಿಸುತ್ತದೆ. ಗ್ರಾಚ್ಯುಟಿಯನ್ನು ಇಲ್ಲಿಡುವವರು ಅದರ ಗಾತ್ರವನ್ನು ಮೊದಲೇ ತಿಳಿಯಬಹುದು: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಸೇವಾ ವರ್ಷಗಳಿಂದ ಗುಣಿಸಿದರೆ, 40,000 ರೂಪಾಯಿಯ 25 ವರ್ಷದ ಸೇವೆಗೆ ಸುಮಾರು 5.77 ಲಕ್ಷ ಸಿಗುತ್ತದೆ.

ಆರೋಗ್ಯ ವಿಮೆಯನ್ನು ಐವತ್ತೈದರೊಳಗೆ ಸ್ವಂತವಾಗಿ ಮಾಡಿಸಬೇಕು. ಇದಕ್ಕೆ ಕಾರಣ ವಿಮೆಯ ನಿಯಮದಲ್ಲೇ ಇದೆ. ಕಂಪನಿ ಮಾಡಿಸಿದ ಸಾಮೂಹಿಕ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸ ವಿಮೆಯಲ್ಲಿ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಗಳಿಗೆ ಗರಿಷ್ಠ ಮೂರು ವರ್ಷದ ಕಾಯುವ ಅವಧಿ ವಿಧಿಸಬಹುದು. ಅರವತ್ತರಲ್ಲಿ ಮಾಡಿಸಿದವರು ಅರವತ್ತಮೂರರವರೆಗೆ ಆ ಕಾಯಿಲೆಗಳ ಚಿಕಿತ್ಸೆಗೆ ವಿಮೆಯಿಲ್ಲದೆ ಇರಬೇಕಾಗಬಹುದು. ಅಸಂಘಟಿತ ವಲಯದವರಿಗಂತೂ ಪಿಂಚಣಿ, ಇಡುಗಂಟಿನ ಈವರೆಗಿನ ಚರ್ಚೆಯ ಬಹುಭಾಗ ಅನ್ವಯಿಸುವುದೇ ಇಲ್ಲ. ಅಟಲ್ ಪಿಂಚಣಿ ಯೋಜನೆಗೆ ನಲವತ್ತರೊಳಗೆ ಸೇರಬೇಕು, ರಾಜ್ಯದ ವೃದ್ಧಾಪ್ಯ ವೇತನವಾದ ಸಂಧ್ಯಾ ಸುರಕ್ಷೆಯ ತಿಂಗಳ 1,200 ರೂಪಾಯಿ ಸಿಗುವುದು ಅರವತ್ತೈದರ ಮೇಲೆ. ನಡುವಿನ ವಯಸ್ಸಿನಲ್ಲಿ ಎಚ್ಚೆತ್ತ ಗಾರೆ ಕೆಲಸದವರಿಗೆ, ಹೋಟೆಲ್ ಕಾರ್ಮಿಕರಿಗೆ ರಾಜ್ಯವಾಗಲಿ ಕೇಂದ್ರವಾಗಲಿ ಸಮರ್ಪಕ ಉತ್ತರ ಕೊಟ್ಟಿಲ್ಲ.

ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡಿಕೊಡುವ ಆತುರವೂ ಇದೇ ವಯಸ್ಸಿನಲ್ಲಿ ಹುಟ್ಟುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿಯಲ್ಲಿ ಆ ದಾನಪತ್ರವನ್ನು ರದ್ದುಪಡಿಸಲು ಕೇಳಬಹುದು. ಆದರೆ ಅಂಥ ಷರತ್ತು ಇದ್ದುದನ್ನು ತೋರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯ ಇನ್ನೊಂದು ತೀರ್ಪು ಹೇಳಿದೆ. ಈ ಕಚೇರಿ ಅಲೆದಾಟದ ಬದಲು, ಬದುಕಿರುವವರೆಗೆ ಆಸ್ತಿಯನ್ನು ತಮ್ಮ ಹೆಸರಿನಲ್ಲಿಟ್ಟು ನೋಂದಾಯಿತ ಉಯಿಲು ಬರೆದಿಡುವುದೇ ಮೇಲು.

ಉಳಿದದ್ದು ಕಾಗದಪತ್ರದ ಕೆಲಸ, ಮುಂದೂಡಲ್ಪಡುವುದೂ ಅದೇ. ಕನ್ನಡಿಗರ ಹೆಸರಿನ ಮುಂದಿರುವ ಊರಿನ, ತಂದೆಯ ಇನಿಷಿಯಲ್‌ಗಳು ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಬಿಡಿಸಿ ಬರೆದ ಮತ್ತೊಂದು ಬಗೆ, ಭವಿಷ್ಯ ನಿಧಿ ಖಾತೆಯಲ್ಲಿ ಮೂರನೆಯ ಬಗೆ ಇರುತ್ತವೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಹುಟ್ಟಿದ ದಿನಾಂಕವೂ ಹಾಗೆಯೇ ಒಂದೊಂದು ಕಡೆ ಒಂದೊಂದು. ಹಳೆಯ ಖಾತೆಗಳಲ್ಲಿ ಇದನ್ನು ತಿದ್ದಲು ಉದ್ಯೋಗದಾತರ ಒಪ್ಪಿಗೆ ಬೇಕಾಗುವುದುಂಟು, ಮುಚ್ಚಿಹೋದ ಕಂಪನಿಯಿಂದ ಅದನ್ನು ಪಡೆಯುವುದು ಪ್ರಯಾಸದ ಕೆಲಸ. ಮದುವೆಗೆ ಮುಂಚೆ ಭವಿಷ್ಯ ನಿಧಿಯಲ್ಲಿ ತಾಯಿಯನ್ನೋ ಅಣ್ಣನನ್ನೋ ನಾಮಿನಿ ಮಾಡಿದ್ದರೆ, ಮದುವೆಯಾದ ಮೇಲೆ ಆ ನಾಮನಿರ್ದೇಶನ ಅಸಿಂಧುವಾಗುತ್ತದೆ, ಹೊಸದಾಗಿ ಸಲ್ಲಿಸಬೇಕು. ಬ್ಯಾಂಕ್ ಖಾತೆಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿಯೆಂದರೆ ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದ ವ್ಯಕ್ತಿಯೇ ಹೊರತು ಒಡೆಯನಲ್ಲ. ಐವತ್ತು ದಾಟಿದ ಓದುಗರು ಈ ತಿಂಗಳೊಳಗೆ ತಮ್ಮ ಭವಿಷ್ಯ ನಿಧಿ ಖಾತೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು, ಹುಟ್ಟಿದ ದಿನಾಂಕ, ನಾಮಿನಿ ಈ ಮೂರನ್ನು ಹೋಲಿಸಿ ನೋಡಲಿ, ನೋಡುವಾಗ ಸಂಗಾತಿಯನ್ನೂ ಜೊತೆಗೆ ಕೂರಿಸಿಕೊಳ್ಳಲಿ.